ಕೂಸು ಒಂದು ನೆಪ

‘ಕೂಸು ಹುಟ್ಟೋಕೆ ಮುಂಚೆ ಕುಲಾವಿ’ ಅನ್ನುವ ಗಾದೆಯನ್ನು ಜನ ಯಾವಯಾವುದಕ್ಕೋ ಬಳಸುತ್ತಾರೆ. ಸೈಟೇ ಕೊಳ್ಳದೆ ಮನೆಗೆ ಹೆಸರು ಹುಡುಕುವವನಿಗೆ, ಚುನಾವಣೆಯ ಟಿಕೆಟ್ಟೇ ಸಿಗದೆ ಮಂತ್ರಿಯ ಗತ್ತಿನಲ್ಲಿ ಓಡಾಡುವವನಿಗೆ. ನನ್ನ ವಿಷಯದಲ್ಲಿ ಮಾತ್ರ ಅದು ಗಾದೆಯಲ್ಲ, ವರದಿ. ನಾನು ನಿಜಕ್ಕೂ ಕೂಸು ಹುಟ್ಟುವ ಮುಂಚೆ ಕುಲಾವಿ ಮಾಡುವವಳು. ಬಂಧುಬಳಗದಲ್ಲಿ ಯಾರಿಗೋ ‘ವಿಶೇಷ’ ಎಂದು ಕಿವಿಗೆ ಬಿದ್ದ ಸಂಜೆಯೇ ಅಟ್ಟದ ಮೇಲಿನ ಉಲ್ಲನ್ ಬುಟ್ಟಿ ಕೆಳಗಿಳಿಯುತ್ತದೆ. ನಮ್ಮ ಅತ್ತೆ ಬದುಕಿದ್ದಷ್ಟು ಕಾಲವೂ ನನ್ನ ಕೈಯಲ್ಲಿ ಕಡ್ಡಿ ಕಂಡರೆ ಸಾಕು, ಹೂ ಕಟ್ಟುತ್ತಿದ್ದವರು ತಲೆ ಎತ್ತದೆಯೇ ಆ ಗಾದೆಯನ್ನು ಅರ್ಧ ಹೇಳಿ ನಿಲ್ಲಿಸುತ್ತಿದ್ದರು. ಉಳಿದರ್ಧವನ್ನು ನಾನು ತುಂಬಿಕೊಳ್ಳಬೇಕು.

ಅವರ ಮಾತಿನಲ್ಲಿ ಅಣಕಕ್ಕಿಂತ ಅಂಜಿಕೆ ಹೆಚ್ಚಿತ್ತು. ನಮ್ಮ ಕಡೆ ಹೆರಿಗೆಗೆ ಮುಂಚೆ ತೊಟ್ಟಿಲು ತರುವುದಿಲ್ಲ, ಮಗುವಿನ ಬಟ್ಟೆ ಕೊಳ್ಳುವುದಿಲ್ಲ. ಹುಟ್ಟಿದ ಮೇಲೂ ನಾಮಕರಣದವರೆಗೆ ಹಳೆಯ ಬಟ್ಟೆಯೇ. ಅಜ್ಜನ ಪಂಚೆಯ ಚೂರು, ಅಜ್ಜಿಯ ಹತ್ತಿ ಸೀರೆಯ ಸೆರಗು, ಇಲ್ಲವೇ ಗುಂಡುಗುಂಡಗೆ ಬೆಳೆದ ಬೇರೆ ಮನೆಯ ಮಗುವಿನ ಅಂಗಿ. ನೂರು ಸಲ ಒಗೆದ ಬಟ್ಟೆಯಷ್ಟು ಮೆತ್ತನೆಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂಬುದು ಹೇಳುವ ಕಾರಣ. ಹೊಸದರ ಮೇಲೆ ಯಾರ ಕಣ್ಣೂ ಬೀಳದಿರಲಿ ಎಂಬುದು ಹೇಳದ ಕಾರಣ. ನಾಲ್ಕು ಹೆತ್ತು ಎರಡನ್ನು ಉಳಿಸಿಕೊಂಡ ಹೆಂಗಸರು ಮಾಡಿದ ನಿಯಮಗಳಿವು. ಅವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಾಗ ನನ್ನ ನಾಲಿಗೆ ಯಾಕೋ ತಡವರಿಸುತ್ತದೆ.

ಆದರೆ ಹೆಣಿಗೆಗೆ ಅದರದೇ ಲೆಕ್ಕವಿದೆ. ದಿನ ತುಂಬಿ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 34 ಸೆಂಟಿಮೀಟರ್. ಮೊದಲ ಮೂರು ತಿಂಗಳು ಅದು ತಿಂಗಳಿಗೆ ಹತ್ತಿರಹತ್ತಿರ 2 ಸೆಂಟಿಮೀಟರ್ ಬೆಳೆಯುತ್ತದೆ. ಹುಟ್ಟಿದ ಸುದ್ದಿ ಬಂದ ಮೇಲೆ ಶುರುಮಾಡಿದರೆ, ನನ್ನಂಥ ಸಂಜೆಯ ಹೆಣಿಗೆಯವಳು ಕೊನೆಯ ಗಂಟು ಹಾಕುವ ಹೊತ್ತಿಗೆ ತಲೆ ಟೋಪಿಯನ್ನು ದಾಟಿ ಹೋಗಿರುತ್ತದೆ. ಒಂದು ಟೋಪಿಗೆ 80 ಕುಣಿಕೆಯ 50 ಸಾಲು ಎಂದಿಟ್ಟುಕೊಳ್ಳಿ, 4,000 ಕುಣಿಕೆ. ಸ್ವೆಟರ್ ಆದರೆ ಎಣಿಸುವ ಗೋಜಿಗೆ ಹೋಗುವುದಿಲ್ಲ. ಇಷ್ಟೆಲ್ಲ ಮಾಡಿ ಅದು ಒಂದು ಮಗುವಿಗೆ ಸರಿಯಾಗಿ ಕೂಡುವುದು ಎಂಟು ವಾರ. ಆ ಎಂಟು ವಾರ ಬೆಂಗಳೂರಿನ ಏಪ್ರಿಲ್ ಮೇ ಆಗಿದ್ದರೆ ಅದೂ ಇಲ್ಲ. (ಬೆಂಗಳೂರಿನ ದಾಖಲೆಯ ಚಳಿ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆದರೂ ನಮ್ಮ ಅಜ್ಜಿಯರು ಯುಗಾದಿಯ ಬಿಸಿಲಲ್ಲೂ ಮಗುವಿನ ಕಿವಿ ಮುಚ್ಚದೆ ಬಿಟ್ಟವರಲ್ಲ. ಹೆಣಿಗೆಯವರು ಬದುಕಿರುವುದು ಅವರ ಪುಣ್ಯದಿಂದ.)

ಹಾಗಾಗಿ ನಾನೊಂದು ಉಪಾಯ ಹೂಡಿದೆ. ಯಾರ ಹೆಸರೂ ಹೇಳದೆ ಹೆಣೆಯುವುದು. ‘ಇದು ಯಾರಿಗೆ?’ ಎಂದು ಅತ್ತೆ ಕೇಳಿದರೆ ‘ಯಾರಿಗೂ ಅಲ್ಲ, ಸುಮ್ನೆ’ ಅನ್ನುತ್ತಿದ್ದೆ. ಮುಗಿದದ್ದು ಬೀರುವಿನ ಕೆಳಗಿನ ಖಾನೆಗೆ, ಎರಡು ಬೇವಿನೆಲೆ ಕಡ್ಡಿಯ ಜೊತೆ. ಮಗು ಹುಟ್ಟಿ, ತೊಟ್ಟಿಲಿಗೆ ಹಾಕುವ ದಿನ ಬಂದಾಗ ಖಾನೆ ತೆಗೆಯುವುದು. ಮೊದಮೊದಲು ಇದು ಅತ್ತೆಯ ಕಣ್ಣಿಗೆ ಮಣ್ಣೆರಚುವ ಆಟವಾಗಿತ್ತು. ಬರಬರುತ್ತ ನಿಜವೇ ಆಯಿತು. ಯಾರಿಗೋ ಎಂದು ಹೆಣೆದದ್ದು ಇನ್ಯಾರಿಗೋ ಹೋಗತೊಡಗಿತು. ಮೈದುನನ ಮೊಮ್ಮಗನಿಗೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದ ಹಳದಿ ಸ್ವೆಟರು, ದಿನಾ ಬೆಳಿಗ್ಗೆ ಸೊಪ್ಪು ತರುವ ಹೆಂಗಸಿನ ಮಗಳಿಗೆ ಮೊದಲು ಹೆರಿಗೆಯಾದ್ದರಿಂದ ಅವಳ ಕೂಸಿಗೆ ಹೋಯಿತು. ಅವಳು ಅದನ್ನು ಬಿಚ್ಚಿ ಮೂಗಿಗೆ ಹಿಡಿದು, ‘ಬೇವಿನ ವಾಸ್ನೆ ಅಮ್ಮಾ’ ಎಂದು ನಕ್ಕಳು. ಮೈದುನನ ಮೊಮ್ಮಗನಿಗೆ ಅಂಗಡಿಯದೇ ಸಾಕಾಯಿತು.

ನಾನು ಹೆಣಿಗೆ ಕಲಿತದ್ದು ಅಮ್ಮನಿಂದ. ಅಮ್ಮ ಕಲಿತದ್ದು ಮೈಸೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ, ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಹೆಂಗಸಿನಿಂದ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆಕೆ ಕಡ್ಡಿ ಆಡಿಸಿ ತೋರಿಸುವುದು, ಅಮ್ಮ ನೋಡಿ ಮಾಡುವುದು. ಅಮ್ಮನ ಬೆರಳು ಬಲು ಬೇಗ ಹಿಡಿಯಿತಂತೆ. ಅದರಲ್ಲಿ ಆಶ್ಚರ್ಯವೇನಿಲ್ಲ, ಆರನೇ ವಯಸ್ಸಿನಿಂದ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿದ ಬೆರಳುಗಳವು. ನಾರನ್ನು ಸುತ್ತಿ, ಕುಣಿಕೆ ಮಾಡಿ, ಹೂವಿನ ಕತ್ತಿಗೆ ಬಿಗಿಯುವ ಆ ಕೈಚಳಕಕ್ಕೂ ಹೆಣಿಗೆಗೂ ಬಹಳ ದೂರವಿಲ್ಲ. ಹೂವನ್ನು ಹೆಚ್ಚು ಬಿಗಿದರೆ ತೊಟ್ಟು ಮುರಿಯುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಉಲ್ಲನ್ನಿನದೂ ಅದೇ ಹದ.

ನಮ್ಮ ಭಾಷೆಯೂ ಹಾಗೆಯೇ ಈ ಪರದೇಶದ ಕಸುಬನ್ನು ಒಳಗೆ ಕರೆದುಕೊಂಡಿದೆ. ಜಡೆ ಹೆಣೆಯುತ್ತೇವೆ, ಬುಟ್ಟಿ ಹೆಣೆಯುತ್ತೇವೆ, ಚಾಪೆ ಹೆಣೆಯುತ್ತೇವೆ. ಕಾನ್ವೆಂಟಿನ ಸಿಸ್ಟರುಗಳ, ದೊರೆಸಾನಿಯರ ಕೈಯಿಂದ ಬಂದ ಸ್ವೆಟರಿಗೂ ಅದೇ ಕ್ರಿಯಾಪದ ಸಾಕಾಯಿತು. ಉಣ್ಣೆ ನಮಗೆ ಹೊಸದಲ್ಲ. ಕುರುಬರ ಕಂಬಳಿ, ಚಳ್ಳಕೆರೆಯ ಕಂಬಳಿ ಸಂತೆ ಎಲ್ಲರಿಗೂ ಗೊತ್ತು. ಆದರೆ ದಖ್ಖನಿ ಕುರಿಯ ಆ ಕರಿ ಉಣ್ಣೆ ಒರಟು. ಹುಣಸೆಬೀಜದ ಗಂಜಿ ಹಚ್ಚಿ ನೇಯ್ದ ಕಂಬಳಿ ಮಳೆಗೆ, ಹೊಲಕ್ಕೆ, ಗದ್ದುಗೆಗೆ. ಮಗುವಿನ ಕೆನ್ನೆಗಲ್ಲ. ನಾವು ‘ಉಲ್ಲನ್’ ಎಂದು ಕರೆಯುವ, ಮೈಸೂರಿನ ಶಿವರಾಂಪೇಟೆಯ ಅಂಗಡಿಯಲ್ಲಿ ಉಂಡೆಯ ಲೆಕ್ಕದಲ್ಲಿ ತರುವ ವಸ್ತುವಿನಲ್ಲಿ ಬಹುಪಾಲು ಕುರಿಯ ಸಂಬಂಧವೇ ಇಲ್ಲ. ಅದು ಅಕ್ರಿಲಿಕ್, ಹೆಚ್ಚಿನದು ಲೂಧಿಯಾನದ ಕಡೆಯಿಂದ ಬರುವುದು. ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದರೆ ಗೊತ್ತಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಕರಿ ಮಣಿಯಾಗುತ್ತದೆ. ಈ ಪರೀಕ್ಷೆ ಕಲಿತ ದಿನದಿಂದ ನನಗೆ ಶುದ್ಧ ಉಣ್ಣೆಯ ಹುಚ್ಚು ಹಿಡಿಯಿತು. ಆ ಹುಚ್ಚಿನ ಕಥೆಗೆ ಆಮೇಲೆ ಬರುತ್ತೇನೆ.

ಅದಕ್ಕೆ ಮುಂಚೆ ಇನ್ನೊಬ್ಬ ಹೆಣಿಗೆಯವಳ ಮಾತು. ಜರ್ಮನಿಯ ಹ್ಯಾಂಬರ್ಗ್ ಕಲಾಭವನದಲ್ಲಿ ಮಾಸ್ಟರ್ ಬರ್ಟ್ರಾಮ್ ಎಂಬ ಚಿತ್ರಕಾರನ ಒಂದು ಫಲಕವಿದೆ, ಸುಮಾರು 1400ರ ಕಾಲದ್ದು. ನಾನು ಕಂಡದ್ದು ಮೊಬೈಲಿನಲ್ಲೇ. ಮೇರಿ ಕೂತು ನಾಲ್ಕು ಕಡ್ಡಿಗಳ ಮೇಲೆ ಒಂದು ಪುಟ್ಟ ಅಂಗಿ ಹೆಣೆಯುತ್ತಿದ್ದಾಳೆ. ಅಂಗಿ ಬಹುತೇಕ ಮುಗಿದಿದೆ, ಕೊರಳಿನ ಸುತ್ತು ಮಾತ್ರ ಬಾಕಿ. ಸುತ್ತಿ ಹೆಣೆದ ಅಂಗಿಗೆ ಎಲ್ಲೂ ಹೊಲಿಗೆ ಇರುವುದಿಲ್ಲ. ಕ್ರಿಸ್ತನ ಅಂಗಿಗೆ ಹೊಲಿಗೆ ಇರಲಿಲ್ಲ, ಅದಕ್ಕೇ ಸೈನಿಕರು ಅದನ್ನು ಹರಿಯದೆ ಚೀಟಿ ಹಾಕಿದರು ಎಂದು ಬೈಬಲ್ಲಿನಲ್ಲಿದೆ. ಅವಳ ಕಾಲ ಬಳಿ ಮಗು ಪುಸ್ತಕ ತೆರೆದುಕೊಂಡು ಬಿದ್ದುಕೊಂಡಿದೆ. ಪಕ್ಕದಿಂದ ದೇವದೂತರು ಬಂದಿದ್ದಾರೆ, ಅವರ ಕೈಯಲ್ಲಿ ಶಿಲುಬೆ. ಮಗು ತಿರುಗಿ ಅತ್ತ ನೋಡುತ್ತಿದೆ. ನನಗೆ ಆ ಚಿತ್ರದಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಶಿಲುಬೆಯಲ್ಲ, ಆ ಕೊರಳಿನ ಸುತ್ತು. ಕೊರಳು ಹೆಣೆಯುವಾಗ ಎಷ್ಟು ಅಗಲ ಬಿಡಬೇಕು ಎಂದು ಯೋಚಿಸಲೇಬೇಕು, ಇಲ್ಲದಿದ್ದರೆ ತಲೆ ತೂರುವುದಿಲ್ಲ. ಮುಂದೆ ಏನಾಗುವುದೆಂದು ಯಾವ ತಾಯಿಗೂ ತಿಳಿಯದು, ಕೊರಳಿನ ಅಗಲ ಮಾತ್ರ ತಿಳಿದಿರಬೇಕು. ಅತ್ತೆಗೆ ಈ ಚಿತ್ರ ತೋರಿಸಿದ್ದರೆ, ‘ನೋಡು, ಅದಕ್ಕೇ ಹೇಳಿದ್ದು’ ಅನ್ನುತ್ತಿದ್ದರೋ ಏನೋ.

ಗಾದೆ ತಲೆಕೆಳಗಾದದ್ದನ್ನೂ ಒಮ್ಮೆ ಕಂಡೆ. ಗೆಳತಿಯೊಬ್ಬಳ ಮೊಮ್ಮಗು ಏಳು ತಿಂಗಳಿಗೇ ಹುಟ್ಟಿತು. ಕುಲಾವಿಗಿಂತ ಮುಂಚೆ ಬಂದುಬಿಟ್ಟ ಕೂಸು. ಬೀರುವಿನ ಖಾನೆಯಲ್ಲಿದ್ದ ಅತಿ ಚಿಕ್ಕ ಟೋಪಿಯೂ ಅದರ ಗಲ್ಲದವರೆಗೆ ಇಳಿಯುತ್ತಿತ್ತು. 28 ವಾರಕ್ಕೆ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 26 ಸೆಂಟಿಮೀಟರ್, ಅಂದರೆ ಒಂದು ದಪ್ಪ ಮೂಸಂಬಿಯಷ್ಟು. ಅಳತೆಗೆ ಮೂಸಂಬಿಯನ್ನೇ ಎದುರಿಗಿಟ್ಟುಕೊಂಡು ಹೆಣೆದೆ. ಆಸ್ಪತ್ರೆಯ ನರ್ಸು ಮೊದಲೇ ಎಚ್ಚರ ಹೇಳಿದ್ದರು. ಕಟ್ಟುವ ದಾರ ಬೇಡ, ಮೇಲೆ ಗೊಂಡೆ ಬೇಡ, ಗುಂಡಿ ಬೇಡ, ತೂತುತೂತಿನ ವಿನ್ಯಾಸ ಬೇಡ, ಬೆರಳು ಸಿಕ್ಕಿಕೊಳ್ಳುತ್ತದೆ. ನಾನು ಮೂವತ್ತು ವರ್ಷ ಕಲಿತ ಚಂದವೆಲ್ಲ ‘ಬೇಡ’ದ ಪಟ್ಟಿಯಲ್ಲಿತ್ತು. ಬರೀ ಸೀದಾ-ಉಲ್ಟಾ ಸಾಲು, ಮೆತ್ತನೆಯ ಹತ್ತಿ ನೂಲು. ಅಷ್ಟೇ.

ಅಲ್ಲಿ ಆ ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿದ್ದರು. ಕಾಂಗರೂ ಆರೈಕೆ ಎನ್ನುತ್ತಾರೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಶಾಖಪೆಟ್ಟಿಗೆಗಳು ಸಾಲದೆ ಹೋದಾಗ ಎಡ್ಗರ್ ರೇ ಎಂಬ ವೈದ್ಯರು ಶುರುಮಾಡಿದ ಪದ್ಧತಿ. ಈಗ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೂ ಇದೆ. ಮಗುವಿಗೆ ತಾಯಿಯ ಮೈಯೇ ಕಾವು. ಮೈಮೇಲೆ ಇರುವುದು ಲಂಗೋಟಿ, ಕಾಲುಚೀಲ, ತಲೆಗೊಂದು ಟೋಪಿ ಮಾತ್ರ. ನಾನು ಕಂಡ ದಿನ ಆ ತಾಯಿಯ ಕೊರಳ ಕೆಳಗೆ ಸೀರೆಯ ಮರೆಯಲ್ಲಿ ಕಾಣುತ್ತಿದ್ದದ್ದು ಒಂದೇ, ಮೂಸಂಬಿ ಗಾತ್ರದ ಬಿಳಿ ಟೋಪಿ. ಅದು ಉಸಿರಿನ ಜೊತೆ ಏರಿ ಇಳಿಯುತ್ತಿತ್ತು. ಅದು ನಾನು ಹೆಣೆದದ್ದೋ ಬೇರೆಯವರದ್ದೋ ಎಂದು ಗುರುತು ಹಿಡಿಯಲು ಬಾಗಿ ನೋಡಿದೆ. ಆಮೇಲೆ ನಾಚಿಕೆಯಾಗಿ ನೆಟ್ಟಗಾದೆ. ಅಂಥ ಹೊತ್ತಿನಲ್ಲೂ ‘ನನ್ನದಾ?’ ಎಂದು ಹುಡುಕುವ ಕಣ್ಣು.

ಆ ಕಣ್ಣಿನ ಬಗ್ಗೆಯೇ ಬರೆಯಬೇಕೆಂದು ಕೂತದ್ದು, ಎಲ್ಲೆಲ್ಲೋ ಸುತ್ತಿ ಬಂದೆ.

ಅಕ್ಕನ ಮಗಳಿಗೆ ಹೆರಿಗೆಯಾದಾಗ ನಾನು ಬ್ಯಾಂಕಿನಿಂದ ನಿವೃತ್ತಳಾಗಿ ಒಂದು ವರ್ಷವಾಗಿತ್ತು. ಕೈಯಲ್ಲಿ ಸಮಯ, ತಲೆಯಲ್ಲಿ ಶುದ್ಧ ಉಣ್ಣೆಯ ಹುಚ್ಚು. ದುಬಾರಿ ಮೆರಿನೋ ತರಿಸಿದೆ. ಎಲಿಜಬೆತ್ ಝಿಮ್ಮರ್‌ಮನ್ ಎಂಬಾಕೆ 1968ರಲ್ಲಿ ರೂಪಿಸಿದ ಒಂದು ಮಗುವಿನ ಅಂಗಿ ಜಗತ್ತಿನ ಹೆಣಿಗೆಯವರಿಗೆಲ್ಲ ಗೊತ್ತು. ಅದರ ಹೆಸರೇ ‘ಅಚ್ಚರಿಯ ಅಂಗಿ’ ಎಂಬರ್ಥದ್ದು. ಮೊದಲು 160 ಕುಣಿಕೆ ಹಾಕಬೇಕು. ಎರಡು ಕಡೆ ಗುರುತಿಟ್ಟುಕೊಂಡು ಅಲ್ಲಿ ಕುಣಿಕೆ ಕಡಿಮೆ ಮಾಡುತ್ತ ಹೋಗಬೇಕು, ಆಮೇಲೆ ಅಲ್ಲೇ ಹೆಚ್ಚಿಸುತ್ತ ಬರಬೇಕು. ಮುಕ್ಕಾಲು ಭಾಗ ಮುಗಿದರೂ ಕೈಯಲ್ಲಿರುವುದು ತಲೆಬುಡ ತಿಳಿಯದ ಒಂದು ತುಂಡು. ಪಾತ್ರೆ ಹಿಡಿಯುವ ಮಸಿಬಟ್ಟೆಯೋ, ಹಸುವಿನ ಗೌಸೋ ಎಂಬಂತಿರುತ್ತದೆ. ನಮ್ಮ ಯಜಮಾನರು ಎರಡು ಸಲ ‘ಇದು ಏನು?’ ಎಂದು ಕೇಳಿ ಮೂರನೇ ಸಲ ಕೇಳುವುದನ್ನು ಬಿಟ್ಟರು. ಕೊನೆಯಲ್ಲಿ ಅದನ್ನು ಹಾಸಿ, ಈ ಮೂಲೆಯನ್ನು ಹೀಗೆ, ಆ ಮೂಲೆಯನ್ನು ಹಾಗೆ ಮಡಿಸಿದರೆ ತೋಳು, ಕೊರಳು, ಎದೆ ಎಲ್ಲ ತಂತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಭುಜದ ಮೇಲೆ ಎರಡು ಹೊಲಿಗೆ, ಐದು ಗುಂಡಿ, ಮುಗಿಯಿತು. ಆ ಮಡಿಸುವ ಕ್ಷಣಕ್ಕಾಗಿ ಇಪ್ಪತ್ತೈದು ಮೂವತ್ತು ಗಂಟೆ ಹೆಣೆಯಬಹುದು.

ನಾಮಕರಣದ ದಿನ ಕೊಟ್ಟೆ. ಎಲ್ಲರೂ ಹೊಗಳಿದರು, ನಾನು ಬೇಡವೆನ್ನಲಿಲ್ಲ. ತಿಂಗಳಾಯಿತು. ‘ಪುಟ್ಟಿಗೆ ಸ್ವೆಟರ್ ಆಗತ್ತಾ?’ ಎಂದು ಫೋನಿನಲ್ಲಿ ಕೇಳಿದೆ. ‘ಆಗತ್ತೆ ಚಿಕ್ಕಮ್ಮ, ತುಂಬಾ ಚೆನ್ನಾಗಿದೆ.’ ‘ಹಾಕಿ ಒಂದು ಫೋಟೋ ಕಳ್ಸು.’ ‘ಹೂಂ, ಕಳಿಸ್ತೀನಿ.’ ಫೋಟೋ ಬರಲಿಲ್ಲ. ಇನ್ನೊಂದು ತಿಂಗಳು ಬಿಟ್ಟು ಕೇಳಿದೆ, ಅದೇ ಉತ್ತರ. ವಾಟ್ಸಾಪಿನಲ್ಲಿ ಮಗು ದಿನಕ್ಕೊಂದು ಅಂಗಿಯಲ್ಲಿ ಬರುತ್ತಿತ್ತು, ನನ್ನದರಲ್ಲಿ ಬರಲಿಲ್ಲ. ನನಗೆ ಒಳಗೊಳಗೇ ಕುದಿಯತೊಡಗಿತು. ಈ ಕಾಲದವರಿಗೆ ಕೈಯಲ್ಲಿ ಮಾಡಿದ್ದರ ಬೆಲೆ ಗೊತ್ತಿಲ್ಲ ಎಂದು ಅಕ್ಕನ ಹತ್ತಿರ ಅಂದೂ ಅಂದೆ. ಅಕ್ಕ ಏನೂ ಹೇಳಲಿಲ್ಲ. ಅಕ್ಕ ಏನೂ ಹೇಳದಿದ್ದರೆ ಅವಳಿಗೆ ಏನೋ ಗೊತ್ತಿದೆ ಎಂದೇ ಅರ್ಥ. ಅದು ನನಗೆ ಆಗ ಹೊಳೆಯಲಿಲ್ಲ.

ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬೆಂಗಳೂರಿಗೆ ಹೋದಾಗ, ಒದ್ದೆ ಟವಲು ಬದಲಾಯಿಸಲು ಬೀರು ತೆಗೆದೆ. ಬಟ್ಟೆಗಳ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಏನೋ ಸುತ್ತಿಟ್ಟಿತ್ತು. ಬಣ್ಣದಿಂದ ಗುರುತು ಸಿಕ್ಕಿತು. ಕೈಗೆ ತೆಗೆದುಕೊಂಡರೆ ಕಂಬಳಿಯಷ್ಟು ಗಟ್ಟಿ, ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ಕುಣಿಕೆಗಳ ಗುರುತೇ ಇಲ್ಲ. ಐದು ಗುಂಡಿಗಳು ಮಾತ್ರ ಇದ್ದ ಗಾತ್ರದಲ್ಲೇ ಇದ್ದು, ಆ ಪುಟ್ಟ ಎದೆಯ ಮೇಲೆ ಒಂದನ್ನೊಂದು ಒತ್ತಿಕೊಂಡು ಕೂತಿದ್ದವು. ಉಣ್ಣೆಯ ಎಳೆಗೆ ಮೀನಿನಂತೆ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು, ಮಿಶನ್ನಿನ ಕುಲುಕಾಟ ಮೂರೂ ಸೇರಿದರೆ ಆ ಹುರುಪೆಗಳು ಒಂದರೊಳಗೊಂದು ಸಿಕ್ಕಿಕೊಂಡು ಕುಗ್ಗಿಬಿಡುತ್ತವೆ. ಒಮ್ಮೆ ಹಾಗಾದ ಮೇಲೆ ಯಾವ ದೇವರು ಬಂದರೂ ಬಿಡಿಸಲಾರ. ಹೆಣಿಗೆಯ ದೊಡ್ಡ ಸಮಾಧಾನವೇ, ತಪ್ಪಾದರೆ ಎಳೆ ಹಿಡಿದು ಎಳೆದರೆ ಎಲ್ಲವೂ ಬಿಚ್ಚಿ ಮತ್ತೆ ಉಂಡೆಯಾಗುತ್ತದೆ ಎಂಬುದು. ಇದಕ್ಕೆ ಆ ದಾರಿಯೂ ಇರಲಿಲ್ಲ.

ಹಿಂದಿನಿಂದ ಹುಡುಗಿ ಬಂದಳು. ಮುಖ ಬಿಳಿಚಿತು. ‘ಚಿಕ್ಕಮ್ಮ, ಗೊತ್ತಾಗ್ದೆ ಮಿಶನ್‌ಗೆ ಹಾಕ್ಬಿಟ್ಟೆ. ನಿಂಗೆ ಹೇಗೆ ಹೇಳೋದು ಅಂತ...’ ಎಂದು ಅಲ್ಲೇ ಕೂತು ಅತ್ತಳು. ಹೆತ್ತು ಒಂದೂವರೆ ತಿಂಗಳ ಹೊತ್ತಿಗೆ ನಡೆದದ್ದಂತೆ. ರಾತ್ರಿಯೆಲ್ಲ ಮಗು ಹಟ ಮಾಡಿ, ಬೆಳಗಿನ ಜಾವ ಕಕ್ಕಿದ ಬಟ್ಟೆಗಳನ್ನೆಲ್ಲ ಬಾಚಿ ಮಿಶನ್ನಿಗೆ ತುಂಬಿದ್ದಾಳೆ. ನಿದ್ದೆಯಿಲ್ಲದ ಬಾಣಂತಿ ಉಣ್ಣೆ, ಹತ್ತಿ ಎಂದು ಬೇರೆ ಮಾಡುತ್ತಾ ಕೂರುತ್ತಾಳೆಯೇ? ಆಮೇಲೆ ಹತ್ತು ತಿಂಗಳು, ನನ್ನ ಫೋನು ಬಂದಾಗಲೆಲ್ಲ ಅವಳ ಎದೆ ಧಸಕ್ಕೆಂದಿದೆ. ಮಗುವನ್ನು ಬೆಚ್ಚಗಿಡಲೆಂದು ನಾನು ಕೊಟ್ಟದ್ದು ಆ ಮಗುವಿನ ತಾಯಿಯನ್ನು ಹತ್ತು ತಿಂಗಳು ಹೆದರಿಸಿಟ್ಟಿತ್ತು. ಅವಳ ತಪ್ಪು ಒಂದು ಸಲ ಗುಂಡಿ ಒತ್ತಿದ್ದು. ನನ್ನದು ಪ್ರತಿ ತಿಂಗಳೂ ಫೋನ್ ಮಾಡಿದ್ದು.

ಮೈಸೂರಿಗೆ ವಾಪಸು ಬರುವಾಗ ರೈಲಿನಲ್ಲಿ ಜೇಡರ ದಾಸಿಮಯ್ಯನ ಕಥೆ ನೆನಪಾಯಿತು. ಸುರಪುರ ತಾಲ್ಲೂಕಿನ ಮುದನೂರಿನ ಆ ನೇಕಾರ ಬಹಳ ಕಾಲ ಕೂತು ಒಂದು ಅಪರೂಪದ ಬಟ್ಟೆ ನೇಯ್ದನಂತೆ. ಸಂತೆಗೆ ಒಯ್ದರೆ ಅದಕ್ಕೆ ಬೆಲೆ ಕಟ್ಟುವವರೇ ಇಲ್ಲ. ದಾರಿಯಲ್ಲಿ ಮುದುಕ ಜಂಗಮನೊಬ್ಬ ಕೇಳಿದ, ದಾಸಿಮಯ್ಯ ಕೊಟ್ಟುಬಿಟ್ಟ. ಜಂಗಮ ಅವನ ಕಣ್ಣೆದುರೇ ಅದನ್ನು ಪರಪರನೆ ಹರಿದು ಚೂರುಮಾಡಿದ. ದಾಸಿಮಯ್ಯ ಬೇಸರಪಡಲಿಲ್ಲ. ಆ ಜಂಗಮ ಶಿವನೇ ಆಗಿದ್ದ, ಮೆಚ್ಚಿ ತವನಿಧಿ ಕೊಟ್ಟ ಎಂದು ಕಥೆ ಮುಂದುವರಿಯುತ್ತದೆ. ಚಿಕ್ಕಂದಿನಲ್ಲಿ ಹರಿಕಥೆಯಲ್ಲಿ ಕೇಳಿದಾಗ ಎಂದೂ ಬರಿದಾಗದ ಆ ತವನಿಧಿಯ ಮೇಲೇ ನಮ್ಮ ಕಣ್ಣು. ಈಗ ಅದು ನನಗೆ ಕಥೆಯ ಬಾಲದಂತೆ ಕಾಣುತ್ತದೆ. ಹರಿಯುವ ಸದ್ದು ಕೇಳುತ್ತಲೂ ಅವನ ಮುಖ ಬದಲಾಗಲಿಲ್ಲವಲ್ಲ, ಅದಕ್ಕೆ ಏನು ಕಾರಣ? ಭಕ್ತಿ ಎಂದು ಹರಿದಾಸರು ಹೇಳುತ್ತಾರೆ. ಇರಬಹುದು. ಆದರೆ ನಾನೂ ಒಂದಿಷ್ಟು ಎಳೆ ಆಡಿಸಿದವಳಾದ್ದರಿಂದ ನನಗೆ ಇನ್ನೊಂದು ಗುಮಾನಿ. ಅವನು ತನ್ನ ಪಾಲನ್ನು ಮಗ್ಗದ ಗುಂಡಿಯಲ್ಲೇ ಪಡೆದುಕೊಂಡುಬಿಟ್ಟಿದ್ದ. ನೇಯುವಾಗ ಸಿಗಬೇಕಾದದ್ದು ಸಿಕ್ಕಿ ಆಗಿತ್ತು. ಹರಿದದ್ದು ಬಟ್ಟೆ ಮಾತ್ರ.

ಹಾಗಾದರೆ ನಾನು ಪಡೆದದ್ದೇನು? ಇಲ್ಲಿ ಸ್ವಲ್ಪ ನಿಜ ಹೇಳಬೇಕು. ಮನೆಯಲ್ಲಿ ಒಬ್ಬ ಹೆಂಗಸು ಸಂಜೆ ಆರರಿಂದ ಎಂಟರವರೆಗೆ ಸುಮ್ಮನೆ ಕೂರುವಂತಿಲ್ಲ. ಕೂತರೆ ‘ಮೈ ಹುಷಾರಿಲ್ವಾ?’ ಅನ್ನುತ್ತಾರೆ. ಪುಸ್ತಕ ಹಿಡಿದರೆ ‘ಬಿಡುವಾಗಿದ್ದೀಯಲ್ಲ, ಒಂದು ಲೋಟ ಕಾಫಿ’ ಅನ್ನುತ್ತಾರೆ. ಮಗುವಿಗೆ ಸ್ವೆಟರು ಹೆಣೆಯುತ್ತಿದ್ದೇನೆ ಎಂದರೆ ಮನೆಯವರೆಲ್ಲ ದಾರಿ ಬಿಡುತ್ತಾರೆ, ಕಾಫಿ ತಾವೇ ಮಾಡಿಕೊಳ್ಳುತ್ತಾರೆ, ನನಗೂ ಒಂದು ಲೋಟ ತರುತ್ತಾರೆ. ಎಷ್ಟು ಸಂಜೆಗಳನ್ನು ನಾನು ಹುಟ್ಟದ ಕೂಸುಗಳ ಹೆಸರಿನಲ್ಲಿ ಕಬಳಿಸಿದ್ದೇನೆ! ಹತ್ತನೇ ನಂಬರ್ ಕಡ್ಡಿಯ ಟಿಕ್ ಟಿಕ್, ಎಡಗೈ ತೋರುಬೆರಳ ಮೇಲೆ ಸರಿಯುವ ಎಳೆ, ಎಣಿಸುತ್ತ ಎಣಿಸುತ್ತ ತಲೆಯೊಳಗಿನ ಗದ್ದಲ ತಣ್ಣಗಾಗುವುದು. ಬ್ಯಾಂಕಿನಲ್ಲಿದ್ದಾಗ ಲೆಕ್ಕ ತಾಳೆಯಾಗದ ದಿನಗಳಲ್ಲಿ ನನ್ನನ್ನು ಕಾಪಾಡಿದ್ದು ಈ ಎಣಿಕೆಯೇ. ಕೂಸು ಒಂದು ನೆಪ. ಹೆಣೆದದ್ದು ನನಗೇ. ಈ ಲೆಕ್ಕದಲ್ಲಿ ಆ ಮಗುವಿಗೆ ನಾನು ಸಾಲಗಾರಳು, ಅವರಮ್ಮ ನನಗೆ ಫೋಟೋ ಕಳಿಸಬೇಕಾದ ಬಾಕಿಯೇನೂ ಇರಲಿಲ್ಲ.

‘ಇಷ್ಟು ಚೆನ್ನಾಗಿ ಹೆಣೀತೀರಲ್ಲ, ಮಾರಬಹುದಲ್ಲ?’ ಎಂದು ಕೇಳುವವರಿದ್ದಾರೆ. ಹೊಗಳಿಕೆಯೇ ಅದು, ಆದರೂ ನನಗೆ ಇರಿಸುಮುರಿಸು. ಒಂದು ಸ್ವೆಟರಿಗೆ 800 ರೂಪಾಯಿ ಎಂದರೆ ಕೇಳಿದವರೇ ಹುಬ್ಬೇರಿಸುತ್ತಾರೆ. ನೂಲು, ಗುಂಡಿಗೆ 350 ಕಳೆದರೆ ಉಳಿದದ್ದು 450, ಗಂಟೆ 25. ಗಂಟೆಗೆ 18 ರೂಪಾಯಿ. ಆಂಧ್ರದ ನರಸಾಪುರದ ಕಡೆ ಹೆಂಗಸರು ಮನೆಯಲ್ಲೇ ಕೂತು ಕೊಕ್ಕೆ ಕಡ್ಡಿಯಿಂದ ಲೇಸು ಹೆಣೆಯುವುದು, ಅದು ಹೊರದೇಶಗಳಿಗೆ ಹೋಗುವುದು ಬಹಳ ಹಿಂದಿನಿಂದ ನಡೆದುಬಂದ ವ್ಯಾಪಾರ. ಮರಿಯಾ ಮೀಸ್ ಎಂಬ ಸಮಾಜಶಾಸ್ತ್ರಜ್ಞೆ 1982ರಲ್ಲಿ ಅವರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅವರನ್ನು ಕೆಲಸಗಾರರೆಂದು ಯಾರೂ ಎಣಿಸಲಿಲ್ಲ, ಮನೆಯಲ್ಲಿರುವ ಹೆಂಗಸರು ಬಿಡುವಿನಲ್ಲಿ ಏನೋ ಮಾಡುತ್ತಾರೆ ಎಂದುಕೊಂಡರು, ಆದ್ದರಿಂದಲೇ ಕೂಲಿ ಅಷ್ಟು ಕಡಿಮೆ ಎಂಬುದು ಅವರ ವಾದದ ತಿರುಳು. ಅಂದರೆ ‘ಹವ್ಯಾಸ’ ಎಂಬ ಮಾತು ಎಲ್ಲರ ಬಾಯಲ್ಲೂ ಒಂದೇ ಅರ್ಥ ಕೊಡುವುದಿಲ್ಲ. ಪಿಂಚಣಿ ಬರುವ ನಾನು ಹೇಳಿದರೆ ಅದು ಸುಖ. ದಲ್ಲಾಳಿ ಹೇಳಿದರೆ ಅದು ಕೂಲಿ ಇಳಿಸುವ ಹಂಚಿಕೆ. ‘ತನ್ನ ಪಾಲು ಹೆಣೆಯುವಾಗಲೇ ಸಿಕ್ಕಿತು’ ಎಂಬ ನನ್ನ ಮೇಲಿನ ಮಾತನ್ನು ನರಸಾಪುರದ ಆ ಹೆಂಗಸರಿಗೆ ಯಾರಾದರೂ ಉಪದೇಶಿಸಿದರೆ ನಾನೇ ಎದ್ದು ಜಗಳಕ್ಕೆ ಹೋದೇನು.

ನೆಪವಿಲ್ಲದೆ ಹೆಣೆಯಲು ಬರುತ್ತದೆಯೇ ನೋಡೋಣ ಎಂದು, ರೈಲಿನಿಂದ ಇಳಿದ ವಾರವೇ ನನಗೇ ಒಂದು ಶಾಲು ಶುರುಮಾಡಿದೆ. ನೇರಳೆ ಬಣ್ಣ, ಸಾಲಿಗೆ 240 ಕುಣಿಕೆ. ಮೂರು ವರ್ಷವಾಯಿತು. ಮುಗಿದಿಲ್ಲ. ಹೆರಿಗೆಗೆ ಡಾಕ್ಟರು ತಾರೀಖು ಕೊಡುತ್ತಾರೆ, ನನ್ನ ಹೆಗಲಿಗೆ ಯಾರೂ ಕೊಡುವುದಿಲ್ಲ. ಶಾಲು ಹಿಡಿದು ಕೂತರೆ ಮನೆಯವರು ಮೊದಲಿನಷ್ಟೇ ಸಲೀಸಾಗಿ ಕಾಫಿ ಕೇಳುತ್ತಾರೆ. ಅದಕ್ಕಿಂತ ವಿಚಿತ್ರ ನನ್ನದೇ ನಡತೆ. ಮಗುವಿನ ಅಂಗಿಯಲ್ಲಿ ಒಂದು ಕುಣಿಕೆ ಜಾರಿದ್ದರೆ ಇಪ್ಪತ್ತು ಸಾಲು ಬಿಚ್ಚಿ ಸರಿಮಾಡುವವಳು, ಶಾಲಿನಲ್ಲಿ ತಪ್ಪು ಕಂಡರೆ ‘ಇರ್ಲಿ ಬಿಡು, ನಂಗೇ ತಾನೆ’ ಎಂದು ಮುಂದೆ ಹೋಗುತ್ತೇನೆ. ಕಾವಲಿಗೆ ಹತ್ತಿಕೊಂಡು ಹರಿದ ದೋಸೆ ಅಮ್ಮನ ತಟ್ಟೆಗೇ ಬರುತ್ತಿತ್ತಲ್ಲ, ಹಾಗೆ. ಅಮ್ಮನದು ತ್ಯಾಗ ಎಂದು ನಾವು ಭಾಷಣ ಸ್ಪರ್ಧೆಯಲ್ಲಿ ಹೇಳಿ ಬಹುಮಾನ ತಂದಿದ್ದೇವೆ. ಈಗ ನನ್ನನ್ನೇ ನೋಡಿಕೊಂಡರೆ ಅದರಲ್ಲಿ ತ್ಯಾಗ ಎಷ್ಟೋ, ರೂಢಿ ಎಷ್ಟೋ! ನನಗೆ ಒಳ್ಳೆಯದನ್ನು ಮಾಡಿಕೊಳ್ಳಲು ಕೈಗೇ ಒಂದು ಬಗೆಯ ಸಂಕೋಚ.

ಹೋದ ಮಳೆಗಾಲದಲ್ಲಿ ಒಂದು ಸಂಜೆ, ಅರವತ್ತು ಸಾಲಿನ ಹಿಂದೆ ವಿನ್ಯಾಸ ಒಂದು ಕುಣಿಕೆಯಷ್ಟು ಪಕ್ಕಕ್ಕೆ ಸರಿದದ್ದು ಕಂಡಿತು. ಹೊದ್ದರೆ ಬೆನ್ನ ಮೇಲೆ ಬರುವ ಜಾಗ, ಯಾರೂ ನೋಡುವುದಿಲ್ಲ, ನಾನಂತೂ ಮೊದಲೇ ನೋಡಲಾರೆ. ಕಡ್ಡಿ ಹೊರಗೆಳೆದು ಬಿಚ್ಚತೊಡಗಿದೆ. ಬಿಚ್ಚಿದ ನೂಲು ಸುರುಳಿಸುರುಳಿಯಾಗಿ, ಒಣಗಿದ ಶ್ಯಾವಿಗೆಯಂತೆ ಮಡಿಲಲ್ಲಿ ಗುಡ್ಡೆಯಾಯಿತು. ಕುಣಿಕೆಯಾಗಿ ಕೂತ ನೆನಪು ಎಳೆಗೆ ಅಷ್ಟು ಬೇಗ ಹೋಗುವುದಿಲ್ಲ. ಒದ್ದೆ ಮಾಡಿ, ತುದಿಗೆ ಭಾರ ಕಟ್ಟಿ ಒಂದು ರಾತ್ರಿ ತೂಗುಹಾಕಬೇಕು. ಬಚ್ಚಲಿನಲ್ಲಿ ಚೊಂಬು ಕಟ್ಟಿ ತೂಗುಹಾಕಿದೆ. ಬೆಳಿಗ್ಗೆ ಯಜಮಾನರು ಸ್ನಾನಕ್ಕೆ ಹೋಗಿ, ‘ಇದನ್ನ ಯಾರಿಗೆ ಮಾಡ್ತಿದ್ದೀಯೆ?’ ಎಂದು ಕೂಗಿದರು. ‘ನಂಗೆ’ ಎಂದೆ. ಒಳಗಿಂದ ಸ್ವಲ್ಪ ಹೊತ್ತು ಮಾತಿಲ್ಲ, ನೀರಿನ ಸದ್ದೂ ಇಲ್ಲ. ಆಮೇಲೆ, ‘ಸರಿ, ಒದ್ದೆಯಾಗದ ಹಾಗೆ ಪಕ್ಕಕ್ಕೆ ಸರಿಸ್ತೀನಿ’ ಎಂದರು. ಒದ್ದೆಯಾಗಲೆಂದೇ ಕಟ್ಟಿದ್ದು ಎಂದು ನಾನು ಹೇಳಹೋಗಲಿಲ್ಲ.

ಆ ಕುಗ್ಗಿದ ಮೆರಿನೋ ಅಂಗಿ ಈಗ ಪುಟ್ಟಿಯ ಗೊಂಬೆಯ ಮೈಮೇಲಿದೆ. ನಾಲ್ಕು ವರ್ಷದವಳು ಅವಳು. ಗೊಂಬೆಗೆ ನೆಗಡಿಯಂತೆ, ಅದಕ್ಕೆ ರಾತ್ರಿಯೂ ಬಿಚ್ಚುವುದಿಲ್ಲ. ಗೊಂಬೆಗೆ ಅದು ಅಳತೆ ತೆಗೆದು ಮಾಡಿದಂತೆ ಕೂಡುತ್ತದೆ. ನಾನೀಗ ಮಕ್ಕಳಿಗೆ ಶುದ್ಧ ಉಣ್ಣೆ ಮುಟ್ಟುವುದಿಲ್ಲ. ಹತ್ತಿ, ಇಲ್ಲವೇ ನಾನೇ ಒಮ್ಮೆ ಮೂಗು ಮುರಿದಿದ್ದ ಅಕ್ರಿಲಿಕ್. ಕೊಡುವ ಮುಂಚೆ ನಮ್ಮ ಮನೆಯ ಮಿಶನ್ನಿನಲ್ಲಿ ಬಿಸಿನೀರಿಗೆ ಎರಡು ಸಲ ಹಾಕಿ ತೆಗೆಯುತ್ತೇನೆ. ಬದುಕಿ ಬಂದದ್ದು ಮಾತ್ರ ಬೇವಿನೆಲೆಯ ಖಾನೆಗೆ.

ಮೊನ್ನೆ ಅಕ್ಕನ ಮಗಳು ಫೋನು ಮಾಡಿದ್ದಳು. ಅದೂ ಇದೂ ಮಾತಾಡಿ, ಕೊನೆಗೆ ದನಿ ತಗ್ಗಿಸಿ, ‘ಚಿಕ್ಕಮ್ಮ, ನೀನು ಹೆಣೀಲೇಬೇಕು ಅಂತಲ್ಲ. ಹೆಣಿಯೋದಾದ್ರೆ ಈ ಸಲ ಮಿಶನ್‌ಗೆ ಹಾಕೋ ಥರದ್ದು...’ ಎಂದಳು. ನನಗೆ ಅರ್ಥವಾಗುವಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ, ‘ಏಯ್, ಇನ್ನೂ ಮೂರು ತಿಂಗಳೂ ತುಂಬಿಲ್ಲ! ಕೂಸು ಹುಟ್ಟೋಕೆ ಮುಂಚೆ...’ ಮುಂದಿನದು ಕೇಳಿಸಲಿಲ್ಲ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ನಾನಾಗಲೇ ಖಾಲಿ ಕಡ್ಡಿ ಹುಡುಕುತ್ತಿದ್ದೆ. ಹತ್ತನೇ ನಂಬರ್ ಜೋಡಿಯಲ್ಲಿ ಶಾಲು ಕೂತಿತ್ತು. ಅದನ್ನು ಅಲ್ಲೇ ಬಿಟ್ಟು, ಹನ್ನೊಂದನೇ ನಂಬರಿನದನ್ನು ತೆಗೆದುಕೊಂಡೆ.